ಉಪ್ಪುನೀರಿನ ಅಕ್ವೇರಿಯಂನಲ್ಲಿ ಹಸಿರು ಪಾಚಿ

ಪ್ರಶ್ನೆ: ನಮ್ಮ 60 ಲೀಟರಿನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಎರಡು ಕ್ಲೌನ್ ಮೀನುಗಳೂ ಕೆಲವು ಸೀಗಡಿಗಳೂ ಇವೆ. ಮಲ್ಪೆಯಿಂದ ತಂದ ಸಮುದ್ರದ ನೀರನ್ನೇ ಬಳಸುತ್ತೇವೆ. ಮಳೆಗಾಲ ಆರಂಭವಾದ ಮೇಲೆ ಕಲ್ಲುಗಳ ಮೇಲೆ ಕೂದಲಿನಂಥ ಹಸಿರು ಪಾಚಿ ಹಬ್ಬಿದೆ. ಔಷಧಿ ಹಾಕಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ದಯವಿಟ್ಟು ಔಷಧಿ ಹಾಕಬೇಡಿ. ಹಲವು ಪಾಚಿನಾಶಕಗಳಲ್ಲಿರುವ ತಾಮ್ರವು ಸೀಗಡಿಗಳ ಪಾಲಿಗೆ ವಿಷ. ಅದು ಕಲ್ಲು, ಮರಳುಗಳಲ್ಲಿ ಸೇರಿಕೊಂಡು ಬಹುಕಾಲ ಉಳಿಯುತ್ತದೆ.

ಪಾಚಿಯನ್ನು ಬೆಳೆಸುವುದು ಬೆಳಕು ಹಾಗೂ ನೈಟ್ರೇಟ್, ಫಾಸ್ಫೇಟ್ ಎಂಬ ಪೋಷಕಾಂಶಗಳು. ಮಳೆಗಾಲದಲ್ಲಿ ನದಿಗಳು ಮಣ್ಣನ್ನೂ ಪೋಷಕಾಂಶಗಳನ್ನೂ ಕಡಲಿಗೆ ತರುವುದರಿಂದ ಕರಾವಳಿಯಂಚಿನ ನೀರು ಕದಡುವುದಲ್ಲದೆ ಅದರ ಲವಣಾಂಶವೂ ತಗ್ಗುತ್ತದೆ. ಆದ್ದರಿಂದ ಈ ತಿಂಗಳುಗಳಲ್ಲಿ ಆರ್‌ಒ (ಲವಣಗಳನ್ನು ಸೋಸಿ ತೆಗೆದ) ನೀರಿಗೆ ಉಪ್ಪುನೀರಿನ ಅಕ್ವೇರಿಯಂಗೆಂದೇ ಮಾರುವ ಸಮುದ್ರ ಉಪ್ಪಿನ ಮಿಶ್ರಣವನ್ನು ಬೆರೆಸಿ, ಸಾಪೇಕ್ಷ ಸಾಂದ್ರತೆಯನ್ನು (ಸಿಹಿನೀರಿಗೆ ಹೋಲಿಸಿದ ಸಾಂದ್ರತೆ) 1.025ರ ಆಸುಪಾಸಿಗೆ ತಂದು ಬಳಸಿರಿ. ಆವಿಯಾದಷ್ಟನ್ನು ತುಂಬಲು ಮಾತ್ರ ಉಪ್ಪಿಲ್ಲದ ಆರ್‌ಒ ನೀರೇ ಸಾಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ.

ಪಾಚಿಯನ್ನು ಕೈಯಿಂದ ಕಿತ್ತು, ಉಳಿದದ್ದನ್ನು ಹಲ್ಲುಜ್ಜುವ ಹೊಸ ಬ್ರಷ್ಷಿನಿಂದ ಉಜ್ಜಿ, ತೇಲುವ ಚೂರುಗಳನ್ನು ಕೊಳವೆಯಿಂದ ಹೊರಗೆಳೆಯಿರಿ. ವಾರಕ್ಕೆ 6 ಲೀಟರಿನಷ್ಟು ನೀರು ಬದಲಿಸಿರಿ. ಆಹಾರವು ಎರಡು ನಿಮಿಷಗಳಲ್ಲಿ ಮುಗಿಯುವಷ್ಟಿರಲಿ. ದೀಪ ದಿನಕ್ಕೆ ಏಳೆಂಟು ಗಂಟೆ ಸಾಕು, ಕಿಟಕಿಯ ಬಿಸಿಲು ಬೇಡ. ಪರೀಕ್ಷೆಯಲ್ಲಿ ನೈಟ್ರೇಟ್ ಶೂನ್ಯವೆಂದು ಕಂಡರೂ ನಂಬಿ ಸುಮ್ಮನಾಗಬೇಡಿ: ಪಾಚಿಯೇ ಅದನ್ನು ಹೀರಿಕೊಂಡಿರಬಹುದು. ಪಾಚಿ ತಗ್ಗಿದ ಬಳಿಕ ಒಂದೆರಡು ಟರ್ಬೊ ಬಸವನಹುಳುಗಳನ್ನು ಬಿಟ್ಟರೆ ಹೊಸ ಚಿಗುರನ್ನು ಅವು ಮೇಯುತ್ತವೆ.