ಟೆರೇಸಿಗೊಂದು ದುರ್ಬೀನು

ಪ್ರಶ್ನೆ: ಸರ್, ಮಗಳು ಎಂಟನೇ ಕ್ಲಾಸು. ಟೆಲಿಸ್ಕೋಪ್ ಬೇಕು ಅಂತ ಒಂದೇ ಹಠ. ನಮ್ಮ ಕೈಲಾಗುವುದು ಎಂಟು ಸಾವಿರ. ಅಷ್ಟಕ್ಕೆ ಒಳ್ಳೆ ಟೆಲಿಸ್ಕೋಪ್ ಸಿಗಲ್ಲ, ಮೊದಲು ಬೈನಾಕ್ಯುಲರ್ ತೆಗೆದುಕೊಳ್ಳಿ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಆನ್‌ಲೈನಿನಲ್ಲಿ 8×42, 7×50, 10×50 ಅಂತೆಲ್ಲ ಇವೆ. ಎರಡು ಸಾವಿರಕ್ಕೇ 180×100 ಕೂಡ ಇದೆ! ಯಾವುದು ಕೊಳ್ಳಲಿ? ವಿಜಯನಗರದ ನಮ್ಮ ಟೆರೇಸಿನಿಂದ ಏನಾದರೂ ಕಾಣುತ್ತಾ? ನನಗೆ ಕನ್ನಡಕ ಬೇರೆ ಇದೆ.
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಮೊದಲು ಆ 180×100 ಅನ್ನು ಕಾರ್ಟಿನಿಂದ ತೆಗೆದುಹಾಕಿ. ಏಳೆಂಟು ವರ್ಷದ ಹಿಂದೆ ನಾನೂ ಅಂಥದ್ದಕ್ಕೇ ದುಡ್ಡು ಸುರಿದಿದ್ದೆ. ಬಂದ ದಿನವೇ ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಹಿಡಿದು ಮುಂದಿನ ಗಾಜು ಅಳೆದೆ. ಡಬ್ಬದ ಮೇಲೆ 100 ಮಿಲಿಮೀಟರ್, ಸ್ಕೇಲಿನಲ್ಲಿ 40 ಕೂಡ ಇಲ್ಲ. ಗಾಜಿಗೆ ಕೆಂಪಗೆ ಮಿರುಗುವ ಲೇಪ ಬೇರೆ. ಅದು ಕೆಂಪು ಬೆಳಕನ್ನೆಲ್ಲ ಹೊರಗೇ ತಳ್ಳುತ್ತದೆ, ಒಳಗಿಂದ ಚಂದ್ರ ಹಸಿರು ತಿರುಗಿದ ಹಾಗೆ ಕಾಣುತ್ತಾನೆ. ಈಗ ಅದು ಅಟ್ಟದ ಮೇಲಿದೆ.

ಅಂಕಿಗಳ ವಿಷಯ ಇಷ್ಟೇ. 10×50 ಅಂದರೆ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 50 ಮಿಲಿಮೀಟರ್ ಅಗಲ. ನಕ್ಷತ್ರ ನೋಡುವವರಿಗೆ ಎರಡನೇ ಅಂಕಿಯೇ ಮುಖ್ಯ, ಬೆಳಕು ಹಿಡಿಯುವುದು ಆ ಗಾಜು. ಮೊದಲನೇ ಅಂಕಿ ಜಾಸ್ತಿಯಾದಷ್ಟೂ ಕೈ ನಡುಕವೂ ಜಾಸ್ತಿಯಾಗಿ ಕಾಣುತ್ತದೆ, ಹಾಗಾಗಿ ಕೈಯಲ್ಲಿ ಹಿಡಿದು ನೋಡಲು ಹತ್ತೇ ಮಿತಿ ಅಂತ ಇಟ್ಟುಕೊಳ್ಳಿ. ಹದಿನೈದು, ಇಪ್ಪತ್ತಾದರೆ ಟ್ರೈಪಾಡ್ ಬೇಕೇ ಬೇಕು.

7×50 ನಕ್ಷತ್ರಕ್ಕೆ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ಹೌದು, ಕಗ್ಗತ್ತಲ ಊರಿನಲ್ಲಿ. 50 ಅನ್ನು 7ರಿಂದ ಭಾಗಿಸಿ, ಏಳು ಮಿಲಿಮೀಟರ್ ಚಿಲ್ಲರೆ ಬರುತ್ತದೆ. ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬದ ದಪ್ಪ ಅದು. ಬೀದಿದೀಪ, ಎದುರುಮನೆಯ ಟ್ಯೂಬ್‌ಲೈಟ್, ಅಂಗಡಿ ಬೋರ್ಡು ಇರುವ ಬೆಂಗಳೂರಿನಲ್ಲಿ ಕಣ್ಣಿನ ಪಾಪೆ ಅಷ್ಟು ಅಗಲ ತೆರೆದುಕೊಳ್ಳುವುದೇ ಇಲ್ಲ, ವಯಸ್ಸು ನಲವತ್ತು ದಾಟಿದ್ದರಂತೂ ಇನ್ನೂ ಕಡಿಮೆ, ಹಿಡಿದ ಬೆಳಕು ಸುಮ್ನೆ ಹೊರಗೆ ಚೆಲ್ಲುತ್ತದೆ. 10×50ರಲ್ಲಿ ಆ ಲೆಕ್ಕ 5 ಮಿಲಿಮೀಟರ್. ಆಕಾಶದ ಬೂದು ಬಣ್ಣವೂ ಸ್ವಲ್ಪ ಕಪ್ಪಾಗುತ್ತದೆ. ನಿಮಗೆ 10×50ನೇ ಸರಿ.

ಒಲಿಂಪಸ್ ಡಿಪಿಎಸ್, ನಿಕಾನ್ ಅಕ್ಯುಲಾನ್, ಸೆಲೆಸ್ಟ್ರಾನ್ ಅಪ್‌ಕ್ಲೋಸ್ ಇವುಗಳ 10×50 ನೋಡಿ. ಮೂರೂ ಹಳೇ ಕಾಲದ ದುರ್ಬೀನಿನ ಹಾಗೆ ಭುಜ ಅಗಲವಾಗಿರುವ ಪೋರೋ ಪ್ರಿಸಂ ಮಾದರಿ. ಕಡಿಮೆ ದುಡ್ಡಿಗೆ ಒಳ್ಳೆಯ ಚಿತ್ರ ಕೊಡುವುದು ಇದೇ, ಸಣ್ಣಗೆ ನೆಟ್ಟಗಿರುವ ಮಾದರಿ ಮಾಡುವುದು ಕಷ್ಟ, ಅಗ್ಗದಲ್ಲಿ ಚೆನ್ನಾಗಿರುವುದು ಅಪರೂಪ. ಜೂಮ್ ಬೇಡವೇ ಬೇಡ.

ಸಾಧ್ಯವಾದರೆ ಅಂಗಡಿಗೇ ಹೋಗಿ, ಮಗಳನ್ನೂ ಕರೆದುಕೊಂಡು. ಮೊದಲು ಕಣ್ಣಿನಿಂದ ಒಂದು ಅಡಿ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ. ಹಿಂದಿನ ಗಾಜಿನಲ್ಲಿ ಎರಡು ಬೆಳಕಿನ ಬಿಲ್ಲೆ ಕಾಣುತ್ತವೆ. ಗುಂಡಗಿದ್ದರೆ ಒಳಗಿನ ಪ್ರಿಸಂ ಬಿಎಕೆ-4 ಅನ್ನುವ ಒಳ್ಳೆಯ ಗಾಜಿನದು ಇರಬಹುದು. ಅಂಚು ಕತ್ತರಿಸಿ ಚೌಕಾಕಾರವಾಗಿದ್ದರೆ ಬಿಕೆ-7 ಅನ್ನುವ ಅಗ್ಗದ ಗಾಜು, ಅಂದರೆ ಅಂಚಿನ ಬೆಳಕು ಸ್ವಲ್ಪ ಕಳೆದುಹೋಗುತ್ತದೆ. ಆಮೇಲೆ ಬಾಗಿಲಿಗೆ ಬಂದು ದೂರದ ಮೊಬೈಲ್ ಟವರ್ ನೋಡಿ. ಎಡಗಣ್ಣಿಗೆ ನಡುವಿನ ಚಕ್ರ, ಬಲಗಣ್ಣಿಗೆ ಬಲಗಡೆ ಗಾಜಿನ ಸುತ್ತ ಇರುವ ಬಳೆ, ಹೀಗೆ ಒಂದೊಂದೇ ಕಣ್ಣು ಮುಚ್ಚಿ ಹೊಂದಿಸಿ. ಎರಡೂ ಕಣ್ಣು ಬಿಟ್ಟಾಗ ಟವರ್ ಎರಡೆರಡು ಕಂಡರೆ, ಇಲ್ಲಾ ಕಣ್ಣು ಎಳೆದ ಹಾಗಾದರೆ ಅದು ಬೇಡ, ಬೇರೆ ಕೊಡಿ ಅನ್ನಿ. ಅದೇ ಮಾಡೆಲ್ಲಿನಲ್ಲಿ ಒಂದು ಚೆನ್ನಾಗಿದ್ದು ಇನ್ನೊಂದು ಕೆಟ್ಟಿರುವುದು ಮಾಮೂಲು. ಮಗಳ ಕಣ್ಣುಗಳ ನಡುವಿನ ಅಂತರಕ್ಕೆ ಅದು ಮಡಚುತ್ತದಾ ಅಂತಲೂ ನೋಡಿ.

ಕನ್ನಡಕದ ಬಗ್ಗೆ: ಬರೀ ದೂರದ್ದೋ ಹತ್ತಿರದ್ದೋ ಪವರ್ ಇದ್ದರೆ ಕನ್ನಡಕ ತೆಗೆದೇ ನೋಡಿ, ಫೋಕಸ್ ಚಕ್ರ ಸರಿಮಾಡುತ್ತದೆ. ಚೀಟಿಯಲ್ಲಿ ಸಿಲಿಂಡರ್ ಪವರ್ ಜಾಸ್ತಿ ಇದ್ದರೆ ಕನ್ನಡಕ ಬೇಕಾಗುತ್ತದೆ. ಆಗ ಐ ರಿಲೀಫ್, ಅಂದರೆ ಪೂರ್ತಿ ಚಿತ್ರ ಕಾಣಲು ಹಿಂದಿನ ಗಾಜಿನಿಂದ ಕಣ್ಣು ಇರಬಹುದಾದ ದೂರ, 15 ಮಿಲಿಮೀಟರಿಗಿಂತ ಹೆಚ್ಚಿರಬೇಕು. ಒಲಿಂಪಸ್, ನಿಕಾನ್ ಎರಡರಲ್ಲೂ ಅದು 12ರ ಆಸುಪಾಸು, ಚಿತ್ರದ ಅಂಚು ಕಾಣದೇ ಹೋಗುತ್ತದೆ.

ಇನ್ನು ವಿಜಯನಗರದ ಟೆರೇಸು. ಹಾಲುಹಾದಿ ಮರೆತುಬಿಡಿ. ಆದರೆ ಚಂದ್ರನ ಕುಳಿಗಳು, ಗುರು ಗ್ರಹದ ನಾಲ್ಕು ಚಂದ್ರರು, ಬರಿಗಣ್ಣಿಗೆ ಒಂದು ಮಸುಕು ಚುಕ್ಕೆಯ ಗುಂಪಾದ ಕೃತ್ತಿಕೆ ಇದ್ದಕ್ಕಿದ್ದ ಹಾಗೆ ಹತ್ತಾರು ನಕ್ಷತ್ರ ಆಗುವುದು, ಇವೆಲ್ಲ ಧಾರಾಳವಾಗಿ ಸಿಗುತ್ತವೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಮೋಡ ಕಡಿಮೆ. ಒಂದೇ ತೊಂದರೆ, ಕೃತ್ತಿಕೆ ನಮಗೆ ಹೆಚ್ಚುಕಮ್ಮಿ ನೆತ್ತಿಗೇ ಬರುತ್ತದೆ, ಕುತ್ತಿಗೆ ನೋಯುತ್ತದೆ. ಚಾಪೆ ಹಾಸಿ ಮಲಗಿಬಿಡಿ. ಕೆಳಗಿರುವುದನ್ನು ನೋಡಲು ನೀರಿನ ಟ್ಯಾಂಕಿಗೆ ಒರಗಿ ನಿಲ್ಲಿ. ನೆಲ ಒರೆಸುವ ಮಾಪನ್ನು ತಲೆಕೆಳಗು ಮಾಡಿ ಅದರ ಮೇಲೆ ಬೈನಾಕ್ಯುಲರ್ ಇಟ್ಟರೂ ನಡುಕ ನಿಲ್ಲುತ್ತದೆ. ನಗಬೇಡಿ, ನಮ್ಮ ಮನೆಯಲ್ಲಿ ಅದೇ ಟ್ರೈಪಾಡು.

ಏಪ್ರಿಲ್, ಮೇನಲ್ಲಿ ಊರಿಗೆ ಹೋದಾಗ ತೆಗೆದುಕೊಂಡು ಹೋಗಿ. ದಕ್ಷಿಣದಲ್ಲಿ ಒಮೆಗಾ ಸೆಂಟಾರಿ ಅನ್ನುವ ಗುಚ್ಛ ಇದೆ, ಲಕ್ಷಗಟ್ಟಲೆ ನಕ್ಷತ್ರದ ಉಂಡೆ. ಲಂಡನ್ನಿನವರಿಗೆ ಅದು ದಿಗಂತದ ಮೇಲೆ ಬರುವುದೇ ಇಲ್ಲ, ನಮಗೆ ಸುಮಾರು 30 ಡಿಗ್ರಿ ಎತ್ತರಕ್ಕೆ ಬರುತ್ತದೆ.

ಮಗಳಿಗೆ ಗಟ್ಟಿಯಾಗಿ ಹೇಳಿ: ಸೂರ್ಯನ ಕಡೆ ಒಂದು ಸೆಕೆಂಡೂ ತಿರುಗಿಸಬಾರದು, ಕಣ್ಣೇ ಹೋಗುತ್ತದೆ. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪುಡಿಕೆ ಹಾಕಿ ಡಬ್ಬದಲ್ಲಿ ಮುಚ್ಚಿಡಿ.

ಪ್ರಶ್ನೆ: ಹೋದ ತಿಂಗಳು 10×50 ಕೊಂಡೆ. ಶನಿಯ ಉಂಗುರ ಕಾಣುತ್ತಲೇ ಇಲ್ಲ. ಮೋಸ ಹೋದೆನಾ?
– ಓದುಗರು, ಜಯನಗರ

ಉತ್ತರ: ಇಲ್ಲ. ಹತ್ತು ಪಟ್ಟಿಗೆ ಉಂಗುರ ಬಿಡಿಸಿ ಕಾಣುವುದಿಲ್ಲ, 25 ಪಟ್ಟಾದರೂ ಬೇಕು. 1610ರಲ್ಲಿ ಗೆಲಿಲಿಯೋ ಸುಮಾರು 20 ಪಟ್ಟಿನ ದೂರದರ್ಶಕದಲ್ಲಿ ನೋಡಿಯೂ ಶನಿಯ ಎರಡು ಪಕ್ಕಕ್ಕೆ ಎರಡು ಗೋಳ ಅಂಟಿಕೊಂಡಿವೆ ಅಂದುಕೊಂಡಿದ್ದ. ಉಂಗುರ ಅಂತ ಗೊತ್ತು ಮಾಡಿದ್ದು ಹಲವು ದಶಕ ಕಳೆದ ಮೇಲೆ, ಡಚ್ ವಿಜ್ಞಾನಿ ಹೈಗನ್ಸ್. ನೀವು ಅದೇ ಬೈನಾಕ್ಯುಲರನ್ನು ಈ ರಾತ್ರಿ ಗುರುವಿನ ಕಡೆ ತಿರುಗಿಸಿ, ಗುರು ಮೇಲೆ ಬಂದಿದ್ದರೆ. ಕೈ ಅಲುಗದೆ ಇರಲಿ.