ಕನ್ಸರ್ಟ್ ವಿಡಿಯೋದಲ್ಲಿ ಶಬ್ದ ಒಡೆದಿದ್ದರೆ
2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನೀವು ಫೋನಲ್ಲಿ ತೆಗೆದ ಮೆಟಾಲಿಕಾ ಬ್ಯಾಂಡಿನ ವಿಡಿಯೋ ಬರೀ ಗರಗರ ಅನ್ನುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಅದಕ್ಕೆ ಬಹುಶಃ ಕ್ಲಿಪ್ಪಿಂಗ್, ಅಂದರೆ ಜೋರು ಸದ್ದಿನ ಅಲೆಗಳ ತುದಿ ಕತ್ತರಿಸಿಹೋಗುವುದು, ಕಾರಣ. ಸ್ಪೀಕರ್ ಸದ್ದು ಫೋನಿನ ಮೈಕ್ ತಡೆಯುವುದಕ್ಕಿಂತ ಜಾಸ್ತಿ ಇತ್ತು, ಅಷ್ಟೇ. ಇಂಥ ವಿಡಿಯೋ ಮತ್ತೆ ಸಿಗಲ್ಲ ಅಲ್ವಾ, ಮೊದಲು ಮೂಲ ಫೈಲಿನ ಕಾಪಿ ಮಾಡಿಡಿ.

ಕಾಪಿಯನ್ನು ಆಡಾಸಿಟಿ ಎಂಬ ಉಚಿತ ಆಡಿಯೋ ಎಡಿಟರ್‌ನಲ್ಲಿ ತೆರೆಯಿರಿ. ವಿಡಿಯೋದ ಶಬ್ದ ಅದರಲ್ಲಿ ತೆರೆಯಲು ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್ ಬೇಕು. ಅಲೆಗಳ ತುದಿ ಕತ್ತರಿಸಿದ ಹಾಗೆ ಚಪ್ಪಟೆ ಕಂಡರೆ ಆ ತುದಿಗಳನ್ನು ಅಂದಾಜಿನಲ್ಲಿ ಮತ್ತೆ ಕಟ್ಟುವ ಕ್ಲಿಪ್ ಫಿಕ್ಸ್ ಎಫೆಕ್ಟ್ ಹಾಕಿ. ಇಡೀ ಫೈಲಿಗೆ ತುಂಬಾ ಹೊತ್ತು ಹಿಡಿಯುತ್ತದೆ, ಮೊದಲು 1 ನಿಮಿಷದ ತುಣುಕಿನಲ್ಲಿ ನೋಡಿ. ಬದಲಾಗದಿದ್ದರೆ 95% ಇರುವ ಥ್ರೆಶೋಲ್ಡನ್ನು (ಎಷ್ಟು ಎತ್ತರದ ಅಲೆಯನ್ನು ಕತ್ತರಿಸಿದ್ದು ಎಂದು ಎಣಿಸಬೇಕು ಅನ್ನುವ ಮಿತಿ) ಸ್ವಲ್ಪ ಇಳಿಸಿ. ಆಮೇಲೆ 80 ಹರ್ಟ್ಸ್‌ಗೆ ಹೈ-ಪಾಸ್ ಫಿಲ್ಟರ್ ಕೊಡಿ, ಅದು ಅದಕ್ಕಿಂತ ಕೆಳಗಿನ ಗುಡುಗುವ ಸದ್ದನ್ನು ತಗ್ಗಿಸುತ್ತದೆ. ತೀರಾ ಒಡೆದ ಕಡೆ ಪೂರ್ತಿ ಸರಿಹೋಗುವುದು ಅನುಮಾನ.

ವೇವ್ ಫೈಲಾಗಿ ಉಳಿಸಿ, ವಿಡಿಯೋ ಎಡಿಟರ್‌ನಲ್ಲಿ ಹಳೇ ಶಬ್ದದ ಜಾಗಕ್ಕೆ ಹಾಕಿ.