ಇದು ನಿಜವಾ, ಮಾಷ್ಟ್ರೇ?

(ಓದುಗರ ಪ್ರಶ್ನೆಗೆ ಉತ್ತರ. ಉತ್ತರಿಸುವವರು ಕಾಸರಗೋಡು ಜಿಲ್ಲೆಯ ಗಡಿ ಭಾಗದ ನಿವೃತ್ತ ಕನ್ನಡ ಅಧ್ಯಾಪಕರು. ಈಗ ಊರಿನ ವಾಚನಾಲಯದ ಕನ್ನಡ ಕಪಾಟುಗಳನ್ನು ನೋಡಿಕೊಳ್ಳುತ್ತಾರೆ.)

ಪುಸ್ತಕದ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆ. ಬಂದ ಪತ್ರ, ವಾಟ್ಸಾಪ್ ಮೆಸೇಜುಗಳಲ್ಲಿ ಹೆಚ್ಚಿನವುಗಳ ಪ್ರಶ್ನೆ ಒಂದೇ: ‘ಇದು ನಿಜವಾಗಿ ನಡೆದದ್ದಾ?’ ಕತೆ ಹಿಡಿಸಿತಾ, ಭಾಷೆ ಹೇಗಿತ್ತು, ಯಾವುದೂ ಬೇಡ. ನಿಜವಾ ಸುಳ್ಳಾ ಹೇಳಿಬಿಡಿ, ಅಷ್ಟೇ. ಕೇಳಿ ಕೇಳಿ ಸಾಕಾಗಿದೆ. ಈ ಸಲ ಅದನ್ನೇ ಹಿಡಿದು ಕೂತಿದ್ದೇನೆ. ಬೇರೆ ಪ್ರಶ್ನೆಯವರಿಗೆ ಒಂದೆರಡು ಸಾಲು ಸಿಕ್ಕಿದರೆ ಬೇಸರ ಮಾಡಬೇಡಿ. ಕಾದಂಬರಿ ಅಂದರೇನು, ಆತ್ಮಕತೆ ಅಂದರೇನು ಎಂದು ಇಲ್ಲಿ ಪಾಠ ಮಾಡುವುದಿಲ್ಲ. ಅದು ಹೈಸ್ಕೂಲಿನಲ್ಲಿ ಆಗಿದೆ.

ಪ್ರಶ್ನೆ: ಮಾಷ್ಟ್ರೇ, ‘ಮಹಾಪಲಾಯನ’ ಓದಿದೆ. ಕೆಳಗಿಡಲು ಮನಸ್ಸು ಬರಲಿಲ್ಲ. ನಮ್ಮ ಓದುವ ಬಳಗದಲ್ಲಿ ಒಬ್ಬರು ‘ಅದೆಲ್ಲ ಸುಳ್ಳು, ಓದಿ ಪ್ರಯೋಜನ ಇಲ್ಲ’ ಅಂದರು. ಇನ್ನೊಬ್ಬರು ‘ತೇಜಸ್ವಿ ಬರೆದದ್ದು ಸುಳ್ಳಾಗಲು ಸಾಧ್ಯವೇ ಇಲ್ಲ’ ಅಂದರು. ಜಗಳವೇ ಆಯಿತು. ಯಾರು ಸರಿ? (ಮುಳ್ಳೇರಿಯದ ಕಾಲೇಜು ವಿದ್ಯಾರ್ಥಿನಿ)

ಇಬ್ಬರೂ ಸರಿಯಿಲ್ಲ. ಎರಡನೆಯವರಿಂದ ಶುರು ಮಾಡೋಣ. ‘ಮಹಾಪಲಾಯನ’ ತೇಜಸ್ವಿಯವರ ಸ್ವಂತ ಕತೆ ಅಲ್ಲ. ಸ್ಲಾವೊಮಿರ್ ರಾವಿಚ್ ಎಂಬ ಪೋಲೆಂಡಿನ ಸೈನ್ಯಾಧಿಕಾರಿಯ ಹೆಸರಿನಲ್ಲಿ 1956ರಲ್ಲಿ ಬಂದ ‘ದಿ ಲಾಂಗ್ ವಾಕ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಅವರು ಕನ್ನಡಕ್ಕೆ ತಂದರು. ಆ ಇಂಗ್ಲಿಷ್ ಕೂಡ ರಾವಿಚ್ ಬರೆದದ್ದಲ್ಲ. ಆತ ಹೇಳಿದ್ದನ್ನು ರೊನಾಲ್ಡ್ ಡೌನಿಂಗ್ ಎಂಬ ಪತ್ರಕರ್ತ ಕೂತು ಬರೆದ. ಹೇಳಿದವನು ಒಬ್ಬ, ಬರೆದವನು ಒಬ್ಬ, ಕನ್ನಡಕ್ಕೆ ತಂದವರು ಒಬ್ಬರು. ಮೊದಲನೆಯವನು ಹೇಳಿದ್ದಕ್ಕೆ ಮೂರನೆಯವರನ್ನು ಜಾಮೀನು ಹಾಕುವುದು ಯಾವ ನ್ಯಾಯ? ಕನ್ನಡಕ್ಕೆ ಅವರು ಎಷ್ಟು ಚಂದ ತಂದಿದ್ದಾರೆ ಅನ್ನುವುದು ಬೇರೆ ಮಾತು. ಅದರಲ್ಲಿ ನನಗೂ ಅನುಮಾನ ಇಲ್ಲ.

ಓದದವರಿಗಾಗಿ ಕತೆ ಇಷ್ಟು. ಸೈಬೀರಿಯಾದ ಸೆರೆ ಶಿಬಿರದಿಂದ 1941ರಲ್ಲಿ ಏಳು ಜನ ತಪ್ಪಿಸಿಕೊಳ್ಳುತ್ತಾರೆ. ದಾರಿಯಲ್ಲಿ ಒಬ್ಬಳು ಹುಡುಗಿ ಸೇರಿಕೊಳ್ಳುತ್ತಾಳೆ. ಮಂಗೋಲಿಯಾ, ಗೋಬಿ ಮರುಭೂಮಿ, ಟಿಬೆಟ್, ಹಿಮಾಲಯ ಎಲ್ಲ ನಡೆದೇ ದಾಟಿ, ಸುಮಾರು 6,500 ಕಿಲೋಮೀಟರ್ ಆದ ಮೇಲೆ, 1942ರಲ್ಲಿ ನಾಲ್ಕು ಜನ ಭಾರತ ಮುಟ್ಟುತ್ತಾರೆ.

ಪುಸ್ತಕ ಬಂದ ಕಾಲದಲ್ಲೇ ಹಿಮಾಲಯ ಗೊತ್ತಿದ್ದವರು ಮೂಗು ಮುರಿದಿದ್ದರು. ಎರಿಕ್ ಶಿಪ್ಟನ್ ಅಂಥ ಪರ್ವತಾರೋಹಿಯೇ ನಂಬಲಿಲ್ಲ. ಆದರೆ ಗಟ್ಟಿ ದಾಖಲೆ ಸಿಕ್ಕಿದ್ದು 2006ರಲ್ಲಿ. ಬಿಬಿಸಿ ರೇಡಿಯೊದವರು ಹಳೆಯ ಸೋವಿಯತ್ ಕಾಗದಪತ್ರ ಹುಡುಕಿ ತೆಗೆದರು. ಅದರಲ್ಲಿ ರಾವಿಚ್ ತನ್ನ ಕೈಯಾರೆ ಬರೆದದ್ದೂ ಇತ್ತು. ಅದರ ಪ್ರಕಾರ ಆತ ತಪ್ಪಿಸಿಕೊಂಡೇ ಇಲ್ಲ. ಪೋಲೆಂಡಿನ ಕೈದಿಗಳಿಗೆ ಕೊಟ್ಟ ಕ್ಷಮಾದಾನದಲ್ಲಿ 1942ರಲ್ಲಿ ಬಿಡುಗಡೆಯಾಗಿ, ಪೋಲಿಷ್ ಸೈನ್ಯ ಸೇರಿ, ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿಗೆ ಹೋಗಿದ್ದ. ಕೇಳೋಣ ಅಂದರೆ ಆತ 2004ರಲ್ಲೇ ತೀರಿಕೊಂಡಿದ್ದ. ಆಮೇಲೆ 2009ರಲ್ಲಿ ಇನ್ನೊಬ್ಬ ಪೋಲಿಷ್ ಸೈನಿಕ, ವಿಟೋಲ್ಡ್ ಗ್ಲಿನ್ಸ್ಕಿ, ‘ನಡೆದವನು ನಾನು, ಅವನು ಕದ್ದ’ ಅಂದ. ಅದಕ್ಕೂ ಸಾಕ್ಷಿ ಗಟ್ಟಿ ಇಲ್ಲ. ಯಾರೋ ನಡೆದಿರಬಹುದು. ರಾವಿಚ್ ನಡೆದಿಲ್ಲ ಅನ್ನುವುದಕ್ಕೆ ಮಾತ್ರ ಕಾಗದ ಉಂಟು.

ನಮ್ಮ ವಾಚನಾಲಯದ ಪ್ರತಿಯಲ್ಲಿ, ಗೋಬಿಯಲ್ಲಿ ದಿನಗಟ್ಟಲೆ ನೀರಿಲ್ಲದೆ ನಡೆಯುವ ಜಾಗದಲ್ಲಿ, ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ‘ಬೊಗಳೆ’ ಅಂತ ಬರೆದಿದ್ದಾರೆ. ಅದರ ಕೆಳಗೆ ನೀಲಿ ಶಾಯಿಯಲ್ಲಿ ಬೇರೆ ಕೈ: ‘ನೀನು ಮರುಭೂಮಿ ನೋಡಿದ್ದೀಯಾ?’ ಅದರ ಕೆಳಗೆ ಮೂರನೆಯವರು, ಸಣ್ಣ ಅಕ್ಷರದಲ್ಲಿ: ‘ನಾನು ಸೌದಿಯಲ್ಲಿ ಇದ್ದೆ. ಒಂದು ದಿನವೇ ಕಷ್ಟ.’ ಪುಸ್ತಕದಲ್ಲಿ ಗೀಚುವವರಿಗೆ ನಾನು ದಂಡ ಹಾಕುತ್ತೇನೆ. ಈ ಮೂರು ಸಾಲನ್ನು ಉಜ್ಜಲು ಮಾತ್ರ ಮನಸ್ಸಾಗಲಿಲ್ಲ. ದೊಡ್ಡ ವಿಮರ್ಶಕರು ಹೇಳಿದ್ದನ್ನೇ ಆ ಗಲ್ಫ್ ಅಣ್ಣ ಒಂದು ಸಾಲಿನಲ್ಲಿ ಹೇಳಿದ್ದಾರೆ.

ಈಗ ನಿಮ್ಮ ಮೊದಲನೆಯವರು. ನಿಜ ಅಲ್ಲದ್ದನ್ನು ಓದಬಾರದು ಅಂದರೆ ವಾಚನಾಲಯದ ಮುಕ್ಕಾಲು ಭಾಗಕ್ಕೆ ಬೀಗ ಹಾಕಬೇಕು. ‘ಮಹಾಪಲಾಯನ’ ಓದಿ. ಹಿಡಿದರೆ ಬಿಡದ ಪುಸ್ತಕ ಅದು. ಆದರೆ ಸಾಕ್ಷಿಗೆ ಕರೆಯಬೇಡಿ. ನನಗೆ ಸಿಟ್ಟು ಬರುವುದು ಓದುವವರ ಮೇಲೆ ಅಲ್ಲ. ಶಾಲೆ, ಕಾಲೇಜಿಗೆ ಬಂದು ಕೊರಳಿಗೆ ಮೈಕ್ ಸಿಕ್ಕಿಸಿಕೊಂಡು ‘ಮನಸ್ಸಿದ್ದರೆ ಸೈಬೀರಿಯಾದಿಂದ ಭಾರತಕ್ಕೆ ನಡೆಯಬಹುದು ಮಕ್ಕಳೇ, ಎಸ್ಸೆಸ್ಸೆಲ್ಸಿ ಯಾವ ಲೆಕ್ಕ’ ಅನ್ನುವ ಭಾಷಣಕಾರರ ಮೇಲೆ. ಸಂಭಾವನೆ ಬೇರೆ ತಗೊಳ್ಳುತ್ತಾರೆ. ನಡೆಯದ ನಡಿಗೆಯನ್ನು ತೋರಿಸಿ, ನಿನ್ನ ಕೈಲಾಗದಿದ್ದರೆ ನಿನ್ನದೇ ತಪ್ಪು ಅಂತ ಹುಡುಗರಿಗೆ ಹೇಳುವುದು ಎಂಥ ವಿದ್ಯೆ?

‘ಪ್ಯಾಪಿಲಾನ್’ ಕೇಳುವವರಿಗೂ ಇದೇ ಉತ್ತರ. ಆನ್ರಿ ಶಾರಿಯೇರ್ ಎಂಬ ಫ್ರಾನ್ಸಿನ ಮಾಜಿ ಕೈದಿ 1969ರಲ್ಲಿ ಅದನ್ನು ಆತ್ಮಕತೆ ಅಂತಲೇ ತಂದ. ಬೇರೆ ಕೈದಿಗಳಿಗೆ ಆದದ್ದನ್ನೂ ತನ್ನ ಲೆಕ್ಕಕ್ಕೆ ಬರೆದುಕೊಂಡಿದ್ದಾನೆ ಅಂತ ಆಮೇಲೆ ಹುಡುಕಿದವರು ಹೇಳಿದರು.

ಇದರ ಇನ್ನೊಂದು ಮಗ್ಗುಲು ನಮ್ಮ ಊರಿಗೇ ಸಂಬಂಧಪಟ್ಟದ್ದು. ‘ನೈಜ ಘಟನೆ’ ಅಂತ ಹೇಳಿಕೊಂಡು ಬಂದದ್ದನ್ನು ನಾವು ತಪಾಸಣೆ ಮಾಡುವುದಿಲ್ಲ. ‘ಕಾದಂಬರಿ’ ಅಂತ ಮುಖಪುಟದಲ್ಲೇ ಬರೆದಿದ್ದರೂ ಅದನ್ನು ಪಂಚಾಯತಿ ದಾಖಲೆ ಥರ ಓದುತ್ತೇವೆ. ಗಲ್ಫಿನಲ್ಲಿ ಸಿಕ್ಕಿಬಿದ್ದ ಕಾರ್ಮಿಕನ ಕತೆ ಹೇಳುವ ಮಲಯಾಳಂ ಕಾದಂಬರಿ, ಬೆನ್ಯಾಮಿನ್ ಅವರ ‘ಆಡುಜೀವಿತಂ’, 2008ರಲ್ಲಿ ಬಂತು. ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ನಮ್ಮಲ್ಲಿ ಕಡಿಮೆ, ಹಾಗಾಗಿ ಮಲಯಾಳಂ ಓದಲು ಬರುವ ನಮ್ಮವರು ಅದನ್ನು ಅತ್ತುಕೊಂಡು ಓದಿದರು. 2024ರಲ್ಲಿ ಸಿನಿಮಾ ಬಂದ ಕೂಡಲೇ ಗಲಾಟೆ. ಆ ಕತೆಗೆ ಮೂಲವಾದ ಮನುಷ್ಯನನ್ನು ಹಿಡಿದು ‘ಇದು ಆಯಿತಾ, ಅದು ಆಯಿತಾ’ ಅಂತ ಜನ ಪೀಡಿಸಿದರು. ಕೊನೆಗೆ ಲೇಖಕರೇ ಹೇಳಬೇಕಾಯಿತು: ಪಾತ್ರದಲ್ಲಿ ಆ ವ್ಯಕ್ತಿಯ ಪಾಲು ಶೇಕಡಾ 30ಕ್ಕಿಂತಲೂ ಕಡಿಮೆ, ಉಳಿದದ್ದು ಹಲವರ ಅನುಭವ ಸೇರಿಸಿ ಕಟ್ಟಿದ್ದು. ಕಾದಂಬರಿಕಾರ ಅದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ನಾಚಿಕೆಯ ವಿಷಯ. ನಾಚಿಕೆ ಓದುಗರಿಗೆ.

ಇನ್ನೂ ಹತ್ತಿರಕ್ಕೆ ಬರುತ್ತೇನೆ. ಅಂಬಿಕಾಸುತನ್ ಮಾಙಾಡ್ ಅವರ ‘ಎನ್ಮಕಜೆ’ 2009ರ ಮಲಯಾಳಂ ಕಾದಂಬರಿ. ಎಣ್ಮಕಜೆ ಪಂಚಾಯತಿನಲ್ಲಿ ನೆಂಟರಿರುವವರಿಗೆ ಅದರ ಜಾಗ, ಗುಡ್ಡ ಎಲ್ಲ ಪರಿಚಿತ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ನಿಜ. 1970ರ ದಶಕದ ಕೊನೆಯಿಂದ 2000ದ ತನಕ ನಡೆಯಿತು. ಹಾಸಿಗೆ ಹಿಡಿದ ಮಕ್ಕಳ ಕಷ್ಟ ನಿಜ. ಕಾದಂಬರಿಯ ನೀಲಕಂಠನ್, ದೇವಯಾನಿ ಮಾತ್ರ ಕಟ್ಟಿದ ಪಾತ್ರಗಳು. ಅದರಲ್ಲಿ ಗುಹೆ ಮಾತಾಡುತ್ತದೆ. ಗುಹೆ ಮಾತಾಡುವ ಪುಸ್ತಕವನ್ನು ವರದಿ ಅಂತ ಓದಿದವರಿಗೆ ಏನು ಹೇಳುವುದು?

ಇದು ಸುಮ್ನೆ ಸಾಹಿತ್ಯದ ತಕರಾರಲ್ಲ. ಎಂಡೋಸಲ್ಫಾನ್ ಸಭೆಯಲ್ಲಿ ಒಬ್ಬರು ಆ ಕಾದಂಬರಿಯ ಪಾತ್ರವನ್ನು ಸಂತ್ರಸ್ತೆ ಅಂತಲೇ ಹೆಸರು ಹಿಡಿದು ಹೇಳಿದ್ದನ್ನು ಕೇಳಿದ್ದೇನೆ. ಹಿಂದಿನ ಸಾಲಿನಲ್ಲಿ ಕೂತ ಒಬ್ಬರು ಕೂಡಲೇ ‘ನೋಡಿ, ಎಲ್ಲ ಕತೆಯೇ’ ಅಂದರು. ಅಲ್ಲಿಗೆ ಮುಗಿಯಿತು. ನಿಜವಾಗಿ ಹಾಸಿಗೆ ಹಿಡಿದ ಮಕ್ಕಳ ಅಮ್ಮಂದಿರು ಅದೇ ಸಭೆಯಲ್ಲಿ ಇದ್ದರು. ಅಂಥ ಕಡೆ ಓದಬೇಕಾದ್ದು ಸುಪ್ರೀಂ ಕೋರ್ಟಿನ ಆದೇಶ. 2011ರ ಮೇ 13ರಂದು ದೇಶದಲ್ಲೆಲ್ಲ ಎಂಡೋಸಲ್ಫಾನ್ ತಯಾರಿ, ಮಾರಾಟ ನಿಲ್ಲಿಸಿದ್ದು ಆ ಕೋರ್ಟು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ 2017ರ ಜನವರಿಯಲ್ಲಿ ಕೇರಳ ಸರಕಾರಕ್ಕೆ ಹೇಳಿದ್ದೂ ಅದೇ. ಕಾದಂಬರಿಯನ್ನು ರಾತ್ರಿ ಮನೆಯಲ್ಲಿ ಓದಿ. ಎರಡೂ ಬೇಕು, ಜಾಗ ಬೇರೆ ಬೇರೆ.

ಹಾಗಾದರೆ ಗುರುತಿಸುವುದು ಹೇಗೆ ಅಂತ ನೀವು ಮುಂದಿನ ಪತ್ರ ಬರೆಯುವ ಮೊದಲೇ ಹೇಳುತ್ತೇನೆ. ಮುಖಪುಟ ಬಿಡಿ, ಮುದ್ರಣದ ವಿವರ ಇರುವ ಪುಟ ತೆರೆಯಿರಿ. ಮೂಲ ಯಾವ ಭಾಷೆ, ಯಾವ ವರ್ಷ, ಬೇರೆ ಯಾರಾದರೂ ಬರೆದುಕೊಟ್ಟದ್ದಾ ನೋಡಿ. ಮುನ್ನುಡಿ ಹಾರಿಸಬೇಡಿ. ಸಾಹಸದ ಆತ್ಮಕತೆಯಾದರೆ ಒಂದು ಪ್ರಶ್ನೆ ಸಾಕು: ಜತೆಗಿದ್ದವರಲ್ಲಿ ಒಬ್ಬರಾದರೂ ಆಮೇಲೆ ಬಾಯಿ ಬಿಟ್ಟಿದ್ದಾರಾ? ‘ಮಹಾಪಲಾಯನ’ದಲ್ಲಿ ಭಾರತ ಮುಟ್ಟಿದ ಉಳಿದ ಮೂವರ ಪತ್ತೆ ಯಾರಿಗೂ ಆಗಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು. ನಾನು ಪುಸ್ತಕವನ್ನು ಕಪಾಟಿನಿಂದ ತೆಗೆದಿಲ್ಲ. ಒಳಗೆ ಬಿಬಿಸಿ ವಿಷಯದ ಒಂದು ಚೀಟಿ ಅಂಟಿಸಿದ್ದೇನೆ, ಕೊನೆಯ ಪುಟಕ್ಕೆ. ಮೊದಲ ಪುಟಕ್ಕೆ ಅಂಟಿಸಿದರೆ ಓದುವ ಖುಷಿ ಹಾಳಾಗುತ್ತದೆ ಅಲ್ವಾ?

ಪ್ರಶ್ನೆ: ‘ಪರ್ವ’ ಓದಿದ ಮೇಲೆ ಮಹಾಭಾರತದ ನಿಜವಾದ ಇತಿಹಾಸ ಗೊತ್ತಾಯಿತು ಅಂತ ನನ್ನ ಭಾವ ಹೇಳುತ್ತಾರೆ. ಹೌದಾ? (ಬದಿಯಡ್ಕ)

ಭೈರಪ್ಪನವರು 1979ರಲ್ಲಿ ತಂದದ್ದು ಕಾದಂಬರಿ. ಪವಾಡ ತೆಗೆದ ಕೂಡಲೇ ಇತಿಹಾಸ ಆಗುವುದಿಲ್ಲ. ಭಾವನ ಹತ್ತಿರ ವಾದ ಬೇಡ, ಹಬ್ಬಕ್ಕೆ ಬರುವವರು.

ಪ್ರಶ್ನೆ: 21 ದಿನದಲ್ಲಿ ಅಭ್ಯಾಸ ಬದಲಾಗುತ್ತದೆ ಅನ್ನುವ ಪುಸ್ತಕಗಳನ್ನು ರಾಶಿ ಓದಿದೆ. ಬೆಳಗ್ಗೆ ಐದಕ್ಕೆ ಏಳಲು ಈಗಲೂ ಆಗುವುದಿಲ್ಲ. ನನ್ನಲ್ಲೇ ದೋಷವಾ? (ಕುಂಬಳೆ)

ದೋಷ ಲೆಕ್ಕದಲ್ಲಿ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ಆಪರೇಷನ್ ಆದವರಿಗೆ ಹೊಸ ಮುಖ ಅಭ್ಯಾಸವಾಗಲು ಕಡಿಮೆಯೆಂದರೂ 21 ದಿನ ಬೇಕು. ಆಮೇಲೆ ಬಂದ ವ್ಯಾಪಾರಿಗಳು ‘ಕಡಿಮೆಯೆಂದರೂ’ ಬಿಟ್ಟರು, ಮುಖವನ್ನೂ ಬಿಟ್ಟರು, 21 ಮಾತ್ರ ಇಟ್ಟುಕೊಂಡರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು 12 ವಾರ ಗಮನಿಸಿದಾಗ ಸರಾಸರಿ ಸಿಕ್ಕಿದ್ದು 66 ದಿನ. ಕೆಲವರಿಗೆ 18, ಕೆಲವರಿಗೆ 254 ತನಕ. 12 ವಾರ ಅಂದರೆ 84 ದಿನ, ಹಾಗಾಗಿ ಆ 254 ಲೆಕ್ಕ ಹಾಕಿ ಹೇಳಿದ್ದು, ಕಣ್ಣಾರೆ ಕಂಡದ್ದಲ್ಲ. ಈ ಥರ ಓದುವುದನ್ನು ಕಲಿತರೆ ಆ ಪುಸ್ತಕಗಳ ರಾಶಿ ತನ್ನಷ್ಟಕ್ಕೆ ಸಣ್ಣದಾಗುತ್ತದೆ. ಐದಕ್ಕೆ ಏಳಬೇಕಾದರೆ ಹತ್ತಕ್ಕೆ ಮೊಬೈಲ್ ಬೇರೆ ಕೋಣೆಯಲ್ಲಿಡಿ. ಪುಸ್ತಕ ಬೇಡ.

ಪ್ರಶ್ನೆ: ಎಲ್ಲರೂ ಐದು ಸ್ಟಾರ್ ಕೊಟ್ಟ ಪುಸ್ತಕ ಕೊಂಡೆ, ಮೂವತ್ತು ಪುಟ ದಾಟಲಿಲ್ಲ. ಯಾರ ಅಭಿಪ್ರಾಯ ನಂಬುವುದು? (ಮಂಜೇಶ್ವರ)

ಅಂಚನ್ನು ನಂಬಿ. ವಾಚನಾಲಯಕ್ಕೆ ಹೋಗಿ, ಅದೇ ಪುಸ್ತಕದ ಹಳೆಯ ಪ್ರತಿ ಕೈಗೆತ್ತಿಕೊಂಡು, ಮುಚ್ಚಿ ಹಿಡಿದು ಬದಿಯಿಂದ ನೋಡಿ. ಬೆರಳಿನ ಕೊಳೆ ಎಲ್ಲಿಯ ತನಕ ಉಂಟೋ ಅಲ್ಲಿಯ ತನಕ ಜನ ಓದಿದ್ದಾರೆ. ಹಣ ಮಾಡುವುದು ಹೇಗೆ ಅನ್ನುವ ಹೆಸರುವಾಸಿ ಪುಸ್ತಕಗಳಲ್ಲಿ ಕಾಲು ಇಂಚು ಕಪ್ಪು, ಉಳಿದದ್ದು ಅಂಗಡಿಯಿಂದ ತಂದ ಹಾಗೇ ಬಿಳಿ. ತ್ರಿವೇಣಿಯವರ ಕಾದಂಬರಿಗಳು ಮೊದಲಿಂದ ಕೊನೆಯ ತನಕ ಒಂದೇ ಬಣ್ಣ, ಬೈಂಡಿಂಗ್ ಎರಡು ಸಲ ಆಗಿದೆ. ಸ್ಟಾರ್ ಕೊಡುವವರು ಪುಸ್ತಕ ಮುಗಿಸಿಯೇ ಕೊಡುತ್ತಾರೆ ಅಂತ ನಿಮಗೆ ಯಾರು ಹೇಳಿದ್ದು?

ಪ್ರಶ್ನೆ: ತ್ರಿವೇಣಿ, ಎಂ.ಕೆ. ಇಂದಿರಾ ಎಲ್ಲ ಅಡಿಗೆಮನೆ ಸಾಹಿತ್ಯ, ಹೆಂಗಸರ ಟೈಂಪಾಸ್ ಅಂತ ನಮ್ಮ ಸರ್ ಹೇಳಿದರು. (ಪೆರ್ಲ)

ನಿಮ್ಮ ಸರ್ ‘ಶರಪಂಜರ’ ಓದಿಲ್ಲ. ಹೆರಿಗೆಯ ನಂತರ ಮನಸ್ಸು ಕೆಟ್ಟ ಹೆಂಗಸನ್ನು, ವಾಸಿಯಾಗಿ ಬಂದ ಮೇಲೂ ಮನೆಯವರು ನೋಡುವ ನೋಟವನ್ನು ಆ ಕಾಲದಲ್ಲಿ ಹಾಗೆ ಬರೆದ ಗಂಡಸರು ಯಾರಿದ್ದಾರೆ, ಅವರನ್ನೇ ಕೇಳಿ. ತ್ರಿವೇಣಿ ತೀರಿಕೊಂಡಾಗ 35 ತುಂಬಿರಲಿಲ್ಲ.

ಪ್ರಶ್ನೆ: ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ. ದೀಪಾ ಭಾಸ್ತಿಯವರ ಇಂಗ್ಲಿಷ್ ಓದಲೋ, ಕನ್ನಡ ಓದಲೋ? (ಕಾಸರಗೋಡು)

ಅವರು ಬರೆದದ್ದು ಕನ್ನಡದಲ್ಲಿ. ನೀವು ನನಗೆ ಬರೆದದ್ದೂ ಕನ್ನಡದಲ್ಲಿ.

ಪ್ರಶ್ನೆ: ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳ ಮನೆ ಹೊಳೆಯ ಯಾವ ಬದಿಯಲ್ಲಿ? ಫೋಟೊ ತೆಗೆಯಬೇಕಿತ್ತು. (ಚೆರ್ಕಳ)

ಸಾರಾ ಅಬೂಬಕ್ಕರ್ ಅವರ ಪುಸ್ತಕದ ಒಳಗೆ. ಹೊಳೆಯ ಫೋಟೊ ತೆಗೆಯಿರಿ, ಅದು ಇದ್ದಲ್ಲೇ ಉಂಟು.

ಪ್ರಶ್ನೆ: ‘ಕರ್ವಾಲೊ’ದಲ್ಲಿ ಬರುವ ಹಾರುವ ಓತಿ ತೇಜಸ್ವಿಯವರ ಕಲ್ಪನೆ ಅಲ್ವಾ? (ನೀರ್ಚಾಲು)

ಅಲ್ಲ. ನೀರ್ಚಾಲಿನವರು ಇದನ್ನು ಕೇಳುವುದಾ! ತೋಟಕ್ಕೆ ಹೋಗಿ ಅಡಿಕೆ ಮರದ ಕಾಂಡವನ್ನು ಸ್ವಲ್ಪ ಹೊತ್ತು ಅಲ್ಲಾಡದೆ ನೋಡಿ. ಮರದ ಬಣ್ಣದ್ದೇ ಇರುವುದರಿಂದ ಕಣ್ಣಿಗೆ ಬೇಗ ಬೀಳುವುದಿಲ್ಲ. ಹಕ್ಕಿಯ ಹಾಗೆ ಹಾರುವುದಿಲ್ಲ, ಪಕ್ಕೆಯ ಚರ್ಮ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ಹುಡುಕಿದರೂ ಸಿಗದವನು ಕಾದಂಬರಿಯ ಮಂದಣ್ಣ.

ಪ್ರಶ್ನೆ: ಪಿಡಿಎಫ್ ಇದ್ದರೆ ಕಳಿಸಿ. (ತುಂಬ ಜನ)

ಕಳಿಸುವುದಿಲ್ಲ. ಲೇಖಕರು ತೀರಿಕೊಂಡು 60 ವರ್ಷ ಆಗುವ ತನಕ ಹಕ್ಕು ಅವರ ಮನೆಯವರದ್ದು. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಹಾಗಾಗಿ ಅವರ ಕಾಲದಲ್ಲೇ ಅಚ್ಚಾದ ಕೃತಿಗಳು 2024ರಿಂದ ಮುಕ್ತ. ಅದನ್ನು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಬೇಕಾದ್ದು ಕಾರಂತರದ್ದು. ಅವರು 1997ರಲ್ಲಿ ಹೋದವರು. 2057 ಮುಗಿಯುವ ತನಕ ಕಾಯಿರಿ, ಇಲ್ಲವೇ ಮಂಗಳೂರಿಗೆ ಹೋದಾಗ ಕೊಳ್ಳಿ. ಎರಡೂ ಆಗದಿದ್ದರೆ ವಾಚನಾಲಯಕ್ಕೆ ಬನ್ನಿ. ಸಂಜೆ ನಾಲ್ಕರಿಂದ ಏಳು, ಸೋಮವಾರ ರಜೆ. ಹಿಂದೆ ಕೊಂಡುಹೋದ ಪುಸ್ತಕ ತನ್ನಿ, ಆಮೇಲೆ ಹೊಸದು.